ಎಳೆ ಹಣ್ಣಿನ ಗಿಡಕ್ಕೆ ಯಾವ ಆಕಾರ: ಬಟ್ಟಲೋ, ನಡುಗೊಂಬೋ, ಬಾಗಿಸಿ ಕಟ್ಟುವುದೋ?

ಕಾಫಿ ಸೀಮೆಯಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು), ಚಿಗುರು ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಆದರೆ ಹಿತ್ತಲಿನ ಮಾವು, ಸೀಬೆ, ಬೆಣ್ಣೆಹಣ್ಣಿನ ಗಿಡಕ್ಕೆ ಕತ್ತರಿ ಹಾಕಲು ಕೈ ಹಿಂಜರಿಯುತ್ತದೆ. ಐದಾರು ವರ್ಷ ಸುಮ್ಮನಿದ್ದು, ಗಿಡ ಹೆಂಚಿನ ಮೇಲೆ ಹೋದಾಗ ದಪ್ಪ ಕೊಂಬೆಗಳನ್ನು ಕಡಿಯುತ್ತೇವೆ. ಅಷ್ಟು ಹೊತ್ತಿಗೆ ಗಾಯ ದೊಡ್ಡದು, ಫಸಲೂ ನಷ್ಟ. ಮೊದಲ ಮೂರು ವರ್ಷದಲ್ಲಿ ಪೆನ್ಸಿಲ್ ದಪ್ಪದ ಚಿಗುರಿಗೆ ಮಾಡಬೇಕಾದ ಕೆಲಸ ಇದು. ಅದಕ್ಕಿರುವ ಮೂರು ದಾರಿಗಳನ್ನು ಒಂದೇ ಜಾಗದಲ್ಲಿ, ಅಕ್ಕಪಕ್ಕದ ಗಿಡಗಳ ಮೇಲೆ ಮಾಡಿ ನೋಡಿದ್ದರ ಹೋಲಿಕೆ ಇಲ್ಲಿದೆ.

ಮೊದಲನೆಯದು ಬಟ್ಟಲು ಆಕಾರ. ಗಿಡ ಮೂರು ಅಡಿ ಮುಟ್ಟುವಾಗ ಎರಡು ಅಡಿಗೆ ಸುಳಿ ಕತ್ತರಿಸಬೇಕು. ಬರುವ ಚಿಗುರುಗಳಲ್ಲಿ ಮೂರನ್ನು, ಹೆಚ್ಚೆಂದರೆ ನಾಲ್ಕನ್ನು ಉಳಿಸಿಕೊಂಡು ಮಿಕ್ಕವನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ಉಳಿಸಿದ್ದು ಒಂದೂವರೆ ಅಡಿ ಬೆಳೆದ ಮೇಲೆ ಮತ್ತೆ ಒಂದು ಅಡಿಗೆ ಸವರಬೇಕು. ಹೀಗೆ ಎರಡು ಸುತ್ತಿನಲ್ಲಿ ಎಂಟೊಂಬತ್ತು ಕೊಂಬೆಗಳು ಸಿದ್ಧವಾಗಿ, ನಡುವೆ ಬಿಸಿಲು ಇಳಿಯುತ್ತದೆ.

ಸೀಬೆಗೆ ಇದನ್ನು ಮೀರಿಸುವ ವಿಧಾನ ಇಲ್ಲ. ಸೀಬೆಯಲ್ಲಿ ಹೂ ಬರುವುದು ಹೊಸ ಚಿಗುರಿನ ಎಲೆ ಕಂಕುಳಲ್ಲಿ. ಹಾಗಾಗಿ ಸವರಿದಷ್ಟೂ ಹೂವಿನ ಜಾಗ ಹೆಚ್ಚುತ್ತದೆ. ಪಕ್ಕದಲ್ಲೇ ನಡುಗೊಂಬು ಬಿಟ್ಟು ಬೆಳೆಸಿದ ಸೀಬೆಯಲ್ಲಿ ಕೆಳಗಿನ ಕೊಂಬೆಗಳು ನೆರಳಿಗೆ ಸಿಕ್ಕಿ ಬಡವಾದವು, ಹಣ್ಣು ಮೇಲಕ್ಕೆ ಏರಿ ಬಾವಲಿಗಳಿಗೆ ಅನುಕೂಲವಾಯಿತು.

ಬಟ್ಟಲಿನಲ್ಲಿ ಕೆಡುವುದು ಒಂದೇ ಕಡೆ, ಕವೆಯಲ್ಲಿ. ಮೂರೂ ಕೊಂಬೆಗಳು ಒಂದೇ ಜಾಗದಿಂದ ಹೊರಟರೆ ಅಲ್ಲಿ ಮಳೆನೀರು, ಕೊಳೆತ ಎಲೆ ನಿಲ್ಲುತ್ತವೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದಂಥ ಮಳೆಗೆ ಗುಲಾಬಿ ಬಣ್ಣದ ಶಿಲೀಂಧ್ರ ಮೊದಲು ಹಿಡಿಯುವುದು ಅಲ್ಲೇ. ಕೊಂಬೆಗಳ ನಡುವೆ ಮೇಲಿಂದ ಕೆಳಕ್ಕೆ ನಾಲ್ಕು ಇಂಚಾದರೂ ಅಂತರ ಇರಲಿ, ಮೂರೂ ಬೇರೆ ಬೇರೆ ದಿಕ್ಕಿಗೆ ಹೋಗಲಿ. ಕಾಂಡಕ್ಕೆ ಅಂಟಿಕೊಂಡಂತೆ ನೆಟ್ಟಗೆ ಏಳುವ ಕೊಂಬೆ ಎಷ್ಟು ದಪ್ಪವಿದ್ದರೂ ಬೇಡ. ಆ ಸಂದಿನಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡು ಮರ ಬೆಸೆಯುವುದಿಲ್ಲ, ಹಣ್ಣಿನ ಭಾರಕ್ಕೆ ಸೀಳುತ್ತದೆ.

ಮಾವಿಗೂ ಬಟ್ಟಲೇ ಸರಿ, ಆದರೆ ಎಲ್ಲಿ ಕತ್ತರಿಸುತ್ತೇವೆ ಎಂಬುದರಲ್ಲೇ ಎಲ್ಲ ಇದೆ. ಮಾವಿನ ಪ್ರತಿ ಚಿಗುರಿನ ತುದಿಯಲ್ಲಿ ಎಲೆಗಳು ಒತ್ತೊತ್ತಾಗಿ ಕೂತ ಒಂದು ಗಂಟು ಇರುತ್ತದೆ. ಗಂಟಿನ ಮೇಲೆ ಕತ್ತರಿಸಿದರೆ ಒಂದೇ ಜಾಗದಿಂದ ಐದಾರು ಚಿಗುರು ಕೊಡೆಕಡ್ಡಿಗಳಂತೆ ಹೊರಡುತ್ತವೆ. ಎಲ್ಲವೂ ಸಣಕಲು, ಕವೆಯೂ ದುರ್ಬಲ. ಗಂಟಿನ ಕೆಳಗೆ ಕತ್ತರಿಸಿದರೆ ಎರಡು ಮೂರು ಚಿಗುರು ಅಂತರ ಬಿಟ್ಟು, ಗಟ್ಟಿಯಾಗಿ ಬರುತ್ತವೆ. ಎರಡನ್ನೂ ಒಂದೇ ಗಿಡದ ಎರಡು ಕೊಂಬೆಗಳ ಮೇಲೆ ಮಾಡಿ ನೋಡಿ, ಮುಂದಿನ ಚಿಗುರಿಗೇ ವ್ಯತ್ಯಾಸ ಕಾಣುತ್ತದೆ. ಮಾವು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ಫಸಲಿಗೆ ಬಂದ ಗಿಡದ ತುದಿಗಳನ್ನು ಮಳೆಗಾಲ ಮುಗಿದ ಮೇಲೆ ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಕಸಿ ಗಿಡ ಮೊದಲ ಎರಡು ಮೂರು ವರ್ಷ ಬಿಡುವ ಹೂಗೊಂಚಲನ್ನು ಮಾತ್ರ ಮನಸ್ಸು ಗಟ್ಟಿ ಮಾಡಿ ಚಿವುಟಲೇಬೇಕು.

ಎರಡನೆಯದು ನಡುಗೊಂಬು ಉಳಿಸುವ ವಿಧಾನ. ಸುಳಿಯನ್ನು ಐದಾರು ಅಡಿಯವರೆಗೆ ಬಿಟ್ಟು, ಸುತ್ತ ಏಣಿಯ ಮೆಟ್ಟಿಲಿನಷ್ಟು ಅಂತರದಲ್ಲಿ, ಅಂದರೆ ಎಂಟು ಹತ್ತು ಇಂಚಿಗೊಂದರಂತೆ ನಾಲ್ಕೈದು ಕೊಂಬೆ ನಿಲ್ಲಿಸಿ, ಆಮೇಲೆ ಸುಳಿ ತೆಗೆಯುವುದು. ಬೆಣ್ಣೆಹಣ್ಣಿಗೆ ಇದೇ ಹೊಂದುತ್ತದೆ. ಬೆಣ್ಣೆಹಣ್ಣಿನ ಮರ ಮೆದು, ಒಂದೇ ಕವೆಯಲ್ಲಿ ಎಲ್ಲ ಭಾರ ಹೊರಿಸಿದರೆ ಗಾಳಿಗೆ ಮುರಿಯುತ್ತದೆ. ನಡು ತೆರೆದರೆ ಎಳೆ ತೊಗಟೆ ಬಿಸಿಲಿಗೆ ಸುಡುತ್ತದೆ. ಇದಕ್ಕೆ ಕತ್ತರಿಗಿಂತ ಉಗುರು ವಾಸಿ: ಪಕ್ಕದ ಕೊಂಬೆ ಒಂದೂವರೆ ಅಡಿ ಆದಾಗ ಮೆತ್ತನೆಯ ತುದಿ ಚಿವುಟಿದರೆ ಸಾಕು, ಗಾಯವೂ ಆಗುವುದಿಲ್ಲ. ಸಪೋಟಕ್ಕೆ ಇಷ್ಟೂ ಬೇಡ, ಅದು ತಾನಾಗಿಯೇ ಚೆಂದದ ಆಕಾರಕ್ಕೆ ಬರುತ್ತದೆ.

ಮೂರನೆಯದು ಕತ್ತರಿಸದೆ ಬಾಗಿಸಿ ಕಟ್ಟುವುದು. ಮಳೆ ಹೆಚ್ಚಿರುವ ಕಡೆ ಗಾಯವೇ ಇಲ್ಲದ ಈ ದಾರಿ ನಮಗೆ ಬಹಳ ಮೆಚ್ಚುಗೆಯಾಗಿದೆ. ನೆಟ್ಟಗೆ ಏಳುವ ಕೊಂಬೆಯ ಹಸಿರು ತೊಗಟೆ ಕಂದಾಗುವ ಹೊತ್ತಿಗೆ, ಬಾಳೆ ನಾರಿನಿಂದಲೋ ಸೆಣಬಿನ ಹುರಿಯಿಂದಲೋ ನೆಲದ ಗೂಟಕ್ಕೆ ಕಟ್ಟಿ ಓರೆಯಾಗಿ ನಿಲ್ಲಿಸಬೇಕು. ಬೆಳಿಗ್ಗೆ ಕೊಂಬೆಯಲ್ಲಿ ನೀರು ತುಂಬಿ ಬಿರುಸಾಗಿರುತ್ತದೆ, ಮಧ್ಯಾಹ್ನ ಬಿಸಿಲಿಗೆ ಬಾಡಿದಾಗ ಸುಲಭವಾಗಿ ಬಾಗುತ್ತದೆ. ಒಂದು ಕೈಯಲ್ಲಿ ಕವೆಯನ್ನು ಹಿಡಿದೇ ಬಾಗಿಸಿ. ಪೂರ್ತಿ ಅಡ್ಡಲಾಗಿ ಮಲಗಿಸಿದರೆ ಬೆನ್ನಿನ ಉದ್ದಕ್ಕೂ ನೆಟ್ಟನೆಯ ಚಿಗುರುಗಳು ಏಳುತ್ತವೆ, ಮಾಡಿದ ಕೆಲಸ ವ್ಯರ್ಥ. ಎರಡು ತಿಂಗಳಿಗೊಮ್ಮೆ ಗಂಟು ಸಡಿಲಿಸದಿದ್ದರೆ ಹುರಿ ತೊಗಟೆಯೊಳಗೆ ಇಳಿಯುತ್ತದೆ. ಸೀಬೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಬಾಗಿದ ಕೊಂಬೆಯಲ್ಲಿ ಹೂವೂ ಬೇಗ. ಮಾವು ಪರವಾಗಿಲ್ಲ. ಬೆಣ್ಣೆಹಣ್ಣಿನಲ್ಲಿ ಬುಡದಲ್ಲೇ ಲಟ್ಟನೆ ಮುರಿಯುವುದು ಹೆಚ್ಚು. ಆದರೆ ಗಿಡ ಎತ್ತರ ಹೋಗುವುದನ್ನು ಬಾಗಿಸುವುದೊಂದೇ ತಡೆಯಲಾರದು, ಬಟ್ಟಲಿನ ಜೊತೆ ಸೇರಿಸಿಕೊಂಡರೆ ಪೂರ್ಣ ಫಲ.

ಕಾಲದ ಮಾತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಲ್ಲ ಕಡೆಗೂ ಒಂದೇ ಆಗುವುದಿಲ್ಲ. ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿ ಮುಟ್ಟಬೇಡಿ. ಏಪ್ರಿಲ್‌ನಲ್ಲಿ ರೇವತಿ, ಅಶ್ವಿನಿ ಮಳೆ ಬೀಳುವ ಹೊತ್ತಿಗೆ ಎಳೆ ಗಿಡ ಸವರಿದರೆ ಜಡಿಮಳೆಗೆ ಮುಂಚೆ ಗಾಯ ಮಾಯುತ್ತದೆ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆ ಬೇಸಿಗೆಯಲ್ಲಿ ಸವರಿದರೆ ತೊಗಟೆ ಸುಡುತ್ತದೆ. ಅಲ್ಲಿ ಜೂನ್, ಜುಲೈ ಒಳ್ಳೆಯದು. ಕಾಂಡಕ್ಕೆ ತೆಳುವಾಗಿ ಸುಣ್ಣ ಬಳಿದಿರಲಿ.

ಯಾವ ವಿಧಾನವಾದರೂ ಕತ್ತರಿ ಬೀಳುವುದು ಮೊಗ್ಗಿನಿಂದ ಕಾಲು ಇಂಚು ಮೇಲೆ, ಮೊಗ್ಗಿನ ಎದುರು ಬದಿಗೆ ಇಳಿಜಾರಾಗಿ. ಉದ್ದ ಮೋಟು ಬಿಟ್ಟರೆ ಅದು ಒಣಗುತ್ತಾ ಕೆಳಗಿಳಿಯುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಮಾತ್ರ ಕಾಲ ನೋಡದೆ, ಕಂಡ ದಿನವೇ ಕಿತ್ತುಹಾಕಿ. ಬಿಟ್ಟರೆ ಬೇರುಗಿಡವೇ ಮರವಾಗಿ ಮೇಲಿನ ತಳಿ ಸಾಯುತ್ತದೆ.

ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ಸುಣ್ಣ ಆರಿದ ಮೇಲೆ ಬೆರೆಸಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಕಲಸಿದ ದಿನವೇ ಬಳಿಯಿರಿ, ಮರುದಿನಕ್ಕೆ ಅದರ ಸತ್ವ ಇಳಿದಿರುತ್ತದೆ.