ಕರೆಂಟಿಲ್ಲದ ತೋಟಕ್ಕೆ ಯಾವ ರೇಡಿಯೋ? ನನ್ನ ಓಟು ರಾ-01ಎಸ್‌ಎಚ್‌ಗೆ

ಮುಳಶಿ ಕಡೆ ತೋಟ ಇದೆ, ಟ್ಯಾಂಕಿನ ನೀರು, ಮಣ್ಣಿನ ತೇವ ಎಲ್ಲ ಮನೆಯಲ್ಲೇ ಕೂತು ನೋಡಬೇಕು, ಅಲ್ಲಿ ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಬಂದರೆ ಬಂತು, ಯಾವ ಮಾಡ್ಯೂಲ್ ತಗೊಳ್ಳಲಿ? ಪುಣೆಯ ಕನ್ನಡದ ಗೆಳೆಯರು ಇದನ್ನು ಕೇಳುತ್ತಲೇ ಇರುತ್ತಾರೆ. ನಾನು ಹೇಳುವುದು ಒಂದೇ: ಐ-ಥಿಂಕರ್‌ನ ರಾ-01ಎಸ್‌ಎಚ್ ತಗೊಳ್ಳಿ. ಇದು ಲೋರಾ ಮಾಡ್ಯೂಲ್, ಅಂದರೆ ಕಡಿಮೆ ಬ್ಯಾಟರಿಯಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ. ಒಳಗಿರುವುದು ಸೆಮ್‌ಟೆಕ್‌ನ ಎಸ್‌ಎಕ್ಸ್1262 ಚಿಪ್.

ಮೆಚ್ಚಲು ಮುಖ್ಯ ಕಾರಣ ಅದರ ನಿದ್ದೆ. ಮಲಗಿದಾಗ ಈ ಚಿಪ್ ಕುಡಿಯುವುದು ಒಂದು ಮೈಕ್ರೋಆಂಪ್ ಆಸುಪಾಸು. ಕೇಳಿಸಿಕೊಳ್ಳುವಾಗ 5 ಮಿಲಿಆಂಪ್ ಹತ್ತಿರ. ಅದೇ ಕಂಪನಿಯ ಹಳೆಯ ಲೋರಾ ಚಿಪ್ ಎಸ್‌ಎಕ್ಸ್1276ಗೆ ಇದೇ ಕೆಲಸಕ್ಕೆ 10ರಿಂದ 12 ಬೇಕು. ಪೂರ್ತಿ ಜೋರಿನಲ್ಲಿ ಕಳಿಸುವಾಗ ಮಾತ್ರ ಸುಮಾರು 118 ಮಿಲಿಆಂಪ್, ಅದೂ ಕ್ಷಣಮಾತ್ರ.

ಹೆಸರಿನ ಗೊಂದಲಕ್ಕೆ ಮಾತ್ರ ಹುಷಾರಾಗಿರಿ. ಪುಣೆಯ ತಪಕೀರ್ ಗಲ್ಲಿಯಲ್ಲಾಗಲಿ, ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಸುಮ್ನೆ 'ಲೋರಾ ಕೊಡಿ' ಅಂದರೆ ಕೈಗೆ ರಾ-02 ಬರಬಹುದು. ಅದು 433 ಮೆಗಾಹರ್ಟ್ಜ್‌ನದು. ರಾ-01ಎಸ್ ಕೂಡ ಕೆಳಗಿನ ಬ್ಯಾಂಡಿನದೇ, ಕೊನೆಯ 'ಎಚ್' ಇದ್ದರೆ ಮಾತ್ರ ನಮಗೆ ಬೇಕಾದದ್ದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಜ್‌ಗೆ ಲೈಸೆನ್ಸ್ ಬೇಡ. ಟ್ರಾನ್ಸ್‌ಮಿಟರ್ ಪವರ್ 1 ವಾಟ್ ಒಳಗಿರಬೇಕು, ಚಾನೆಲ್ ಅಗಲ 200 ಕಿಲೋಹರ್ಟ್ಜ್ ಮೀರಬಾರದು. ಲೋರಾದ ಮಾಮೂಲಿ 125 ಕಿಲೋಹರ್ಟ್ಜ್ ಅದರೊಳಗೆ ಆರಾಮಾಗಿ ಕೂರುತ್ತದೆ.

ಆಂಟೆನಾ ಕೂಡ ನೋಡಿ ತಗೊಳ್ಳಿ. ಒಂದು ಅಂಗಡಿಯಲ್ಲಿ ಮಾಡ್ಯೂಲ್ ಸರಿಯಾದದ್ದೇ ಕೊಟ್ಟು, ಜೊತೆಗೆ 433ರ ಸ್ಪ್ರಿಂಗ್ ಆಂಟೆನಾ ಹಾಕಿ ಕೊಟ್ಟರು. ಬದಲಾಯಿಸಿ ಅಂದರೆ 'ಎರಡೂ ಒಂದೇ' ಅಂದರು. ಒಂದೇ ಅಲ್ಲ. 866ಕ್ಕೆ ಅಲೆಯುದ್ದದ ಕಾಲುಭಾಗದಷ್ಟು ನೇರ ತಂತಿ ಸುಮಾರು 8.6 ಸೆಂಟಿಮೀಟರ್, 433ಕ್ಕೆ ಅದರ ಎರಡರಷ್ಟು. ಸ್ಕೇಲ್ ಹಿಡಿದು ಒಂದು ಸಿಂಗಲ್ ಕೋರ್ ತಂತಿ ಕತ್ತರಿಸಿ ಬೆಸುಗೆ ಹಾಕಿದರೆ, ತಪ್ಪು ಸ್ಪ್ರಿಂಗಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಆಂಟೆನಾ ಇಲ್ಲದೆ ಮಾತ್ರ ಸಿಗ್ನಲ್ ಕಳಿಸಬೇಡಿ, ಚಿಪ್ ಕೆಡಬಹುದು.

ಇನ್ನು ಬ್ಯಾಟರಿ ತಿನ್ನುವ ನಿಜವಾದ ಕಳ್ಳ ಬೇರೆ ಇದ್ದಾನೆ, ಅಗ್ಗದ ಬೋರ್ಡುಗಳಲ್ಲಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಹದಕ್ಕಿಡುವ ಬಿಡಿಭಾಗ). ಏನೂ ಕೆಲಸ ಇಲ್ಲದಿದ್ದರೂ ಸುಮಾರು 5 ಮಿಲಿಆಂಪ್ ನುಂಗುತ್ತದೆ. 2500 ಮಿಲಿಆಂಪ್ ಅವರ್‌ನ 18650 ಸೆಲ್ ಹಾಕಿದರೆ 500 ಗಂಟೆ, ಅಂದರೆ ಮೂರು ವಾರದೊಳಗೆ ಖಾಲಿ, ಅದೂ ನೀವು ಒಂದೇ ಒಂದು ರೀಡಿಂಗ್ ಕಳಿಸದೆ! ಅದರ ಬದಲು ಎಂಸಿಪಿ1700 ರೆಗ್ಯುಲೇಟರ್ ಹಾಕಿ, ಅದಕ್ಕೆ 1.6 ಮೈಕ್ರೋಆಂಪ್ ಸಾಕು. ಪವರ್ ಎಲ್‌ಇಡಿಯನ್ನೂ ಕಿತ್ತುಹಾಕಿ.

ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ ಅಂತ ಒಂದು ಸೆಟ್ಟಿಂಗ್ ಇದೆ, ಏರಿಸಿದಷ್ಟೂ ಸಂದೇಶ ನಿಧಾನ, ಆದರೆ ದೂರ ಮುಟ್ಟುತ್ತದೆ. ಅದನ್ನು ದೂರ ಹೋಗಲಿ ಅಂತ ನೇರ 12ಕ್ಕೆ ಏರಿಸುವವರು ಜಾಸ್ತಿ. 20 ಬೈಟಿನ ಒಂದು ಸಂದೇಶ 7ರಲ್ಲಿ 57 ಮಿಲಿಸೆಕೆಂಡಿನಲ್ಲಿ ಮುಗಿದರೆ, 12ರಲ್ಲಿ 1.3 ಸೆಕೆಂಡ್ ಬೇಕು. ಬ್ಯಾಟರಿಗೂ ಅಷ್ಟೇ ಪಟ್ಟು ಹೊಡೆತ, ಅಲ್ವಾ? 7ರಿಂದ ಶುರು ಮಾಡಿ, ಸಿಗ್ನಲ್ ಸಾಲದಿದ್ದರೆ ಒಂದೊಂದೇ ಏರಿಸಿ. ಅದಕ್ಕೂ ಮೊದಲು ಆಂಟೆನಾವನ್ನು ಮೇಲೆ ಕಟ್ಟಿ ನೋಡಿ.

ಬೇರೆ ಮಾಡ್ಯೂಲ್‌ಗಳ ಮಾತು. ಎನ್‌ಆರ್‌ಎಫ್24ಎಲ್01 ರೇಡಿಯೋ ಅಗ್ಗ, ನಿದ್ದೆಯೂ ಚೆನ್ನಾಗಿ ಮಾಡುತ್ತದೆ, ಆದರೆ 2.4 ಗಿಗಾಹರ್ಟ್ಜ್ ಅಲೆ ಮುಳಶಿಯ ಮಳೆಗಾಲದ ಒದ್ದೆ ಗಿಡಮರ ದಾಟಲು ಒದ್ದಾಡುತ್ತದೆ. ಮನೆಯೊಳಗೆ ಸರಿ. ಮೊಬೈಲ್ ಸಿಮ್ ಹಾಕುವ ಸಿಮ್800ಎಲ್ ಬರೀ 2ಜಿ, ಜಿಯೋ ಸಿಮ್ ನಡೆಯುವುದೇ ಇಲ್ಲ, ಮೇಲಾಗಿ ಆಗಾಗ 2 ಆಂಪ್‌ವರೆಗೂ ಎಳೆಯುತ್ತದೆ. ತೋಟದ ಮನೆಗೆ ವೈಫೈ ಇದ್ದು ಟ್ಯಾಂಕ್ ಅದರ ಪಕ್ಕದಲ್ಲೇ ಇದ್ದರೆ ಲೋರಾ ಯಾಕೆ, ವೈಫೈ ಇರುವ ಇಎಸ್‌ಪಿ32 ಬೋರ್ಡ್ ಒಂದೇ ಸಾಕು.

ರಾ-01ಎಸ್‌ಎಚ್‌ನಲ್ಲಿ ಕೊರತೆ ಅಂದರೆ ಕಾಲುಗಳ (ಪಿನ್‌ಗಳ) ಅಂತರ. ಬ್ರೆಡ್‌ಬೋರ್ಡಿಗೆ ನೇರ ಕೂರುವುದಿಲ್ಲ. ಅಡಾಪ್ಟರ್ ಪ್ಲೇಟನ್ನೂ ಜೊತೆಗೇ ಕೇಳಿ ತಗೊಳ್ಳಿ. ಕೋಡಿಗೆ ರೇಡಿಯೋಲಿಬ್ ಲೈಬ್ರರಿ ಇದೆ, ಈ ಚಿಪ್ಪಿಗೆ ಚೆನ್ನಾಗಿ ಒಗ್ಗುತ್ತದೆ.