ಎಣ್ಣೆ, ಅರಗು, ಲ್ಯಾಕರ್, ಪಾಲಿಯುರೆಥೇನ್: ನಾಲ್ಕು ಗಿಟಾರ್, ನಾಲ್ಕು ಫಿನಿಶ್

ಬಾಡಿ ಕತ್ತರಿಸಿ, ಪಿಕಪ್ ಕೂರುವ ಗುಂಡಿ ತೆಗೆದು, ಎಡಗೈ ಹಿಡಿಯುವ ಉದ್ದನೆಯ ನೆಕ್ ಕೂರಿಸಿ ನೋಡಿದಾಗ ಗಿಟಾರ್ ಮುಗಿದೇ ಹೋಯಿತು ಅನ್ನಿಸುತ್ತದೆ. ಆದರೆ ಫಿನಿಶ್, ಅಂದರೆ ಮರಕ್ಕೆ ಹಚ್ಚುವ ಹೊರ ಲೇಪನ, ಶುರು ಮಾಡಿದ ಮೇಲೆ ಗೊತ್ತಾಗುತ್ತದೆ, ಇನ್ನೂ ಅರ್ಧ ಕೆಲಸ ಉಳಿದಿದೆ ಅಂತ. ನಾನು ಇಲ್ಲಿಯವರೆಗೆ ನಾಲ್ಕು ಎಲೆಕ್ಟ್ರಿಕ್ ಗಿಟಾರ್ ಮಾಡಿದ್ದೇನೆ. ನಾಲ್ಕಕ್ಕೂ ಮಹಾಗನಿ ಬಾಡಿ, ಮೇಪಲ್ ನೆಕ್. ಒಂದಕ್ಕೆ ಟಂಗ್ ಮರದ ಬೀಜದ ಎಣ್ಣೆ, ಒಂದಕ್ಕೆ ಅರಗು, ಒಂದಕ್ಕೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಒಂದಕ್ಕೆ ಬಟ್ಟೆಯಲ್ಲಿ ಒರೆಸಿ ಹಚ್ಚುವ ಪಾಲಿಯುರೆಥೇನ್. ಪ್ರತಿಯೊಂದನ್ನೂ ವರ್ಷಕ್ಕಿಂತ ಜಾಸ್ತಿ ನುಡಿಸಿದ್ದೇನೆ. ಉಳಿದ ಮರದ ತುಂಡುಗಳಿಗೂ ಅದೇ ಫಿನಿಶ್ ಹಚ್ಚಿಟ್ಟು ಪಕ್ಕಪಕ್ಕದಲ್ಲಿ ಪರೀಕ್ಷೆ ಮಾಡಿದ್ದೇನೆ.

ಫಿನಿಶ್ ಬದಲಾದರೆ ನಾದವೂ ಬದಲಾಗುತ್ತದೆ ಅನ್ನುವವರಿದ್ದಾರೆ, ಮೊದಲು ಆ ಮಾತು ಮುಗಿಸಿಬಿಡೋಣ. ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ಅಯಸ್ಕಾಂತದ ಮುಂದೆ ತಂತಿ ಅಲುಗಿದಾಗ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ನನ್ನ ನಾಲ್ಕು ಗಿಟಾರ್‌ಗಳಲ್ಲಿ ಪಿಕಪ್ ಎತ್ತರ ಒಂದು ಮಿಲಿಮೀಟರ್ ಬದಲಾಯಿಸಿದರೆ ಕೇಳುವಷ್ಟು ವ್ಯತ್ಯಾಸ ಕೂಡ ಫಿನಿಶ್‌ನಿಂದ ನನ್ನ ಕಿವಿಗೆ ಕೇಳಿಸಿಲ್ಲ. ಹಾಗಾಗಿ ನಾನು ಫಿನಿಶ್ ಆರಿಸುವಾಗ ಕೇಳಿಕೊಳ್ಳುವುದು ಎರಡೇ ಪ್ರಶ್ನೆ: ಕೈಗೆ ಹೇಗನ್ನಿಸುತ್ತದೆ? ಪೆಟ್ಟು ಬಿದ್ದರೆ ನಾನೇ ಸರಿಮಾಡಬಹುದಾ?

ಯಾವ ಫಿನಿಶ್ ಆದರೂ ಮರ ತಯಾರು ಮಾಡುವ ಕೆಲಸ ಒಂದೇ. 120, 180, 220 ಹೀಗೆ ಸ್ಯಾಂಡ್ ಪೇಪರ್ ಬದಲಾಯಿಸುತ್ತಾ (ಸಂಖ್ಯೆ ದೊಡ್ಡದಾದಷ್ಟೂ ಪೇಪರ್ ನುಣುಪು) ಮರದ ಎಳೆಯ ಜೊತೆಯಲ್ಲೇ ಉಜ್ಜಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಮಲಗಿದ್ದ ನಾರುಗಳೆಲ್ಲ ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಅವನ್ನು ಮತ್ತೆ ಮೆಲ್ಲಗೆ ಉಜ್ಜಿ ತೆಗೆಯಬೇಕು. ಒದ್ದೆ ಇದ್ದಾಗಲೇ ದೀಪವನ್ನು ಓರೆಯಾಗಿ ಹಿಡಿದು ನೋಡಿದರೆ ಅಂಟು ಮೆತ್ತಿದ ಜಾಗ ಮಸುಕಾಗಿ ಕಾಣುತ್ತದೆ. ಅದನ್ನು ಈಗಲೇ ತೆಗೆಯದಿದ್ದರೆ ಆಮೇಲೆ ಯಾವ ಪದರವೂ ಅದನ್ನು ಮುಚ್ಚುವುದಿಲ್ಲ. ಕನ್ನಡಿಯಂಥ ಹೊಳಪು ಬೇಕಿದ್ದರೆ ಮಹಾಗನಿಯ ರಂಧ್ರಗಳಿಗೆ ಫಿಲ್ಲರ್ ತುಂಬಲೇಬೇಕು. ಮೇಪಲ್‌ಗೆ ಅದು ಬೇಡ.

ಮೊದಲ ಗಿಟಾರ್‌ಗೆ ಹಚ್ಚಿದ್ದು ಟಂಗ್ ಎಣ್ಣೆ. ಹೊಸದಾಗಿ ಶುರು ಮಾಡುವವರಿಗೆ ಇದರಷ್ಟು ಸುಲಭದ್ದು ಬೇರೆ ಇಲ್ಲ. ಬಟ್ಟೆಯಲ್ಲಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದಿದ್ದನ್ನು ಪೂರ್ತಿ ಒರೆಸಿಬಿಡುವುದು, ಅಷ್ಟೇ. ಗಾಳಿಯ ಆಮ್ಲಜನಕ ಎಳೆದುಕೊಂಡು ಎಣ್ಣೆ ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ಪದರಕ್ಕೂ ಇನ್ನೊಂದಕ್ಕೂ ಕನಿಷ್ಠ ಒಂದು ದಿನ ಬಿಡಬೇಕು. ನಾನು ಐದು ಸಲ ಹಚ್ಚಿದೆ. ನೆಕ್ ಹಿಡಿದಾಗ ಸಿಗುವುದು ಮರದ್ದೇ ಸ್ಪರ್ಶ. ಹೆಬ್ಬೆರಳು ಎಲ್ಲೂ ಅಂಟುವುದಿಲ್ಲ, ಸಲೀಸಾಗಿ ಜಾರುತ್ತದೆ. ಇದು ನನಗೆ ತುಂಬಾ ಇಷ್ಟ.

ಆದರೆ ಬಾಡಿಗೆ ಎಣ್ಣೆ ಸಾಲದು. ಬೆಲ್ಟ್ ಬಕಲ್ ತಾಗಿದಲ್ಲೆಲ್ಲ ಗೀರು ಬಿತ್ತು. ವರ್ಷ ಕಳೆಯುವಷ್ಟರಲ್ಲಿ ಮೇಪಲ್ ನೆಕ್ ಮೇಲೆ ಹೆಬ್ಬೆರಳು ಓಡಾಡುವ ಜಾಗ ಬೂದು ಬಣ್ಣಕ್ಕೆ ತಿರುಗಿತು. ಸರಿಮಾಡುವುದಂತೂ ಸುಲಭ. ಮೆಲ್ಲಗೆ ಉಜ್ಜಿ ಮತ್ತೆ ಎಣ್ಣೆ ಒರೆಸಿದೆ, ಹತ್ತು ನಿಮಿಷದ ಕೆಲಸ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯ ಒಳಗೆ ಆ ಬಿಸಿ ಕೂಡಿಕೊಂಡು ಬಟ್ಟೆಗೆ ತಾನಾಗೇ ಬೆಂಕಿ ಹತ್ತಬಹುದು. ಅದರಲ್ಲೂ ಅಗಸೆ ಎಣ್ಣೆಯ ಬಟ್ಟೆ ಇನ್ನೂ ಅಪಾಯ. ನಾನು ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸುತ್ತೇನೆ. ಪೂರ್ತಿ ಗಟ್ಟಿಯಾದ ಮೇಲಷ್ಟೇ ಕಸಕ್ಕೆ.

ಎರಡನೆಯದು ಅರಗು. ಕಾಗದದ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಅದೇ. ಅರಗಿನ ಹುಳು ಕೊಂಬೆಗಳ ಮೇಲೆ ಬಿಡುವ ಅಂಟನ್ನು ಶುದ್ಧ ಮಾಡಿ ಶೆಲ್ಯಾಕ್ ಚಕ್ಕೆ ಮಾಡುತ್ತಾರೆ. ಒಂದು ಲೀಟರ್ ಸ್ಪಿರಿಟ್‌ಗೆ 120ರಿಂದ 180 ಗ್ರಾಂ ಚಕ್ಕೆ ಹಾಕಿ ಒಂದು ರಾತ್ರಿ ಬಿಟ್ಟರೆ ಜೇನಿನ ಬಣ್ಣದ ದ್ರವ ಸಿಗುತ್ತದೆ. ಅದನ್ನು ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಬೇಕಾದಷ್ಟೇ ಕಲಸಿ. ಆರು ತಿಂಗಳು ಇಟ್ಟ ದ್ರವವನ್ನು ಹಚ್ಚಿದರೆ ಸರಿಯಾಗಿ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ.

ಇದನ್ನು ಹಚ್ಚುವುದರಲ್ಲಿ ಇರುವ ಸುಖವೇ ಬೇರೆ. ಒಳಗೆ ಹತ್ತಿ ಅಥವಾ ಉಣ್ಣೆ ಇಟ್ಟು, ಮೇಲೆ ಹಳೆಯ ಹತ್ತಿ ಬಟ್ಟೆ ಸುತ್ತಿ, ನಿಂಬೆಹಣ್ಣಿನಷ್ಟು ಗಂಟು ಕಟ್ಟಿಕೊಳ್ಳಬೇಕು. ಒಳಗಿನ ಹತ್ತಿಗೆ ಅರಗಿನ ದ್ರವ ಕುಡಿಸಿ, ಹೊರಗೆ ಒಂದೇ ಹನಿ ಎಣ್ಣೆ ತಾಗಿಸಿ, ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗಬೇಕು. ಗಂಟು ಹೋದ ದಾರಿಯಲ್ಲಿ ಸ್ಪಿರಿಟ್ ಆರುತ್ತಾ ಒಂದು ಮಂಜಿನ ಬಾಲ ಕಾಣುತ್ತದೆ. ಅದು ಕಂಡರೆ ದ್ರವ ಹದವಾಗಿದೆ ಅಂತ ಅರ್ಥ. ಕೈ ನಿಲ್ಲಿಸುವಂತಿಲ್ಲ. ಒಂದು ಕ್ಷಣ ನಿಂತರೆ ಗಂಟು ಅಂಟಿಕೊಂಡು ಕೆಳಗಿನ ಪದರವನ್ನು ಕಿತ್ತುಬಿಡುತ್ತದೆ. ಹತ್ತು ದಿನ ಸಂಜೆ ಸಂಜೆ ಹೀಗೆ ಮಾಡಿದೆ. ಮಹಾಗನಿಯ ಎಳೆಗಳು ನೀರಿನೊಳಗೆ ಇದ್ದ ಹಾಗೆ ಕಾಣತೊಡಗಿದವು. ಮರದ ಅಂದ ತೋರಿಸುವುದರಲ್ಲಿ ನಾಲ್ಕರಲ್ಲಿ ಇದೇ ಮೇಲು. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಬೇಸರದ ಸಂಗತಿ ಅಂದರೆ ಬೆವರು. ಬಲಗೈ ಊರುವ ಅಂಚಿನಲ್ಲಿ ಮೂರೇ ತಿಂಗಳಿಗೆ ಹೊಳಪು ಸತ್ತು ಅಂಟಂಟಾಯಿತು. ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ ಬಿದ್ದರೆ ಕರಗುತ್ತದೆ. ಮತ್ತೆ ಅದೇ ಗಂಟು ಹಿಡಿದು ಉಜ್ಜಿದರೆ ಹೊಸ ಅರಗು ಹಳೆಯದರೊಳಗೆ ಸೇರಿಕೊಂಡು ಗುರುತೇ ಉಳಿಯುವುದಿಲ್ಲ, ನಿಜ. ಆದರೆ ದಿನಾ ನುಡಿಸುವ ಗಿಟಾರ್‌ಗೆ ವರ್ಷಕ್ಕೆ ನಾಲ್ಕು ಸಲ ಈ ಕೆಲಸ ಯಾರು ಮಾಡುತ್ತಾರೆ?

ನೈಟ್ರೋ ಲ್ಯಾಕರ್ ಬಗ್ಗೆ ಗಿಟಾರ್ ಪ್ರೀತಿಸುವವರಲ್ಲಿ ದೊಡ್ಡ ಅಭಿಮಾನ ಇದೆ. ಇದು ಹೆಸರಾಗಿದ್ದು ಕಾರಿನ ಬಣ್ಣವಾಗಿ. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ಡ್ಯೂಕೋ ಬಣ್ಣ ಬಂದಾಗ, ದಿನಗಟ್ಟಲೆ ಹಿಡಿಯುತ್ತಿದ್ದ ಕಾರಿನ ಬಣ್ಣದ ಕೆಲಸ ಗಂಟೆಗಳಿಗೆ ಇಳಿಯಿತು. 1950ರ ದಶಕದಲ್ಲಿ ಫೆಂಡರ್ ಕಂಪನಿ ಕೂಡ ಕಾರಿನ ಬಣ್ಣಗಳನ್ನೇ ಗಿಟಾರ್‌ಗಳಿಗೆ ಬಳಿಯಿತು. ಮುಂದೆ 1960ರ ದಶಕದ ಕೊನೆಗೆ ಅದು ದಪ್ಪನೆಯ ಪಾಲಿಯೆಸ್ಟರ್ ಲೇಪನದ ಕಡೆಗೆ ಹೊರಳಿತು. ಗಿಬ್ಸನ್ ಕಂಪನಿ ಮಾತ್ರ ನೈಟ್ರೋ ಬಿಡಲಿಲ್ಲ.

ಇದರ ಗುಟ್ಟು ಒಂದೇ. ಪ್ರತಿ ಹೊಸ ಪದರ ಕೆಳಗಿನದನ್ನು ಸ್ವಲ್ಪ ಕರಗಿಸಿಕೊಂಡು ಅದರೊಳಗೆ ಬೆರೆಯುತ್ತದೆ. ಹತ್ತು ಸಲ ಸ್ಪ್ರೇ ಮಾಡಿದರೂ ಕೊನೆಗೆ ಉಳಿಯುವುದು ಒಂದೇ ಪದರ. ದಿನಕ್ಕೆ ಮೂರರಂತೆ ತೆಳುವಾಗಿ ಹೊಡೆದು, ಒಂದು ತಿಂಗಳು ಮುಟ್ಟದೆ ನೇತುಹಾಕಿದೆ. ಮುಟ್ಟಿದರೆ ಒಣಗಿದಂತೆ ಕಂಡರೂ ಥಿನ್ನರ್ ಒಳಗಿಂದ ಹೊರಗೆ ಹೋಗುತ್ತಲೇ ಇರುತ್ತದೆ, ಪದರ ಕುಗ್ಗುತ್ತಲೇ ಇರುತ್ತದೆ. ಅವಸರಕ್ಕೆ ಬಿದ್ದು ಪಾಲಿಶ್ ಮಾಡಿದರೆ ಆಮೇಲೆ ರಂಧ್ರಗಳ ಗುರುತು ಮತ್ತೆ ಮೇಲೆ ಕಾಣುತ್ತದೆ. ತಿಂಗಳ ನಂತರ 800ರಿಂದ 2000ದವರೆಗೆ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿ ಹೊಳಪು ತಂದೆ. ಆ ಹೊಳಪು ನೋಡಿ ಪಟ್ಟ ಶ್ರಮವೆಲ್ಲ ಮರೆತುಹೋಯಿತು.

ಹಾಗಂತ ಇದನ್ನು ಎಲ್ಲರಿಗೂ ಹೇಳಲಾರೆ. ಬೇಗ ಬೆಂಕಿ ಹತ್ತುವ ವಸ್ತು, ವಾಸನೆಯೂ ಜೋರು. ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ಮುಖವಾಡ ಬೇಕೇ ಬೇಕು, ಧೂಳಿನ ಮಾಸ್ಕ್ ಸಾಲದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಹೊಡೆದರೆ ಬಿಳಿ ಮಂಜು ಕಟ್ಟಿಕೊಳ್ಳುತ್ತದೆ. ನನಗೆ ದೊಡ್ಡ ಪೆಟ್ಟು ಬಿದ್ದಿದ್ದು ಮಾತ್ರ ಸ್ಟ್ಯಾಂಡ್‌ನಿಂದ. ರಬ್ಬರ್ ಸುತ್ತಿದ್ದ ಸ್ಟ್ಯಾಂಡ್ ಮೇಲೆ ಎರಡು ವಾರ ಗಿಟಾರ್ ಇಟ್ಟಿದ್ದೆ. ಎತ್ತಿದಾಗ ನೆಕ್ ಹಿಂದೆ ಎರಡು ಕಪ್ಪು ಗುರುತು, ಲ್ಯಾಕರ್ ಅಲ್ಲಿ ಕರಗಿತ್ತು. ಕೆಲವು ರಬ್ಬರ್, ವಿನೈಲ್‌ಗಳಲ್ಲಿರುವ ರಾಸಾಯನಿಕ ನೈಟ್ರೋವನ್ನು ಮೆತ್ತಗೆ ಮಾಡುತ್ತದೆ. ಹತ್ತಿ ಬಟ್ಟೆ ಸುತ್ತಿದ್ದರೆ ಸಾಕಾಗಿತ್ತು.

ಪಾಲಿಯುರೆಥೇನ್‌ನಲ್ಲಿ ಹಲವು ಬಗೆ. ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಸ್ಪ್ರೇ ಮಾಡುವ ಬಗೆಯಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಆಸ್ತಮಾ ಬರಿಸಬಲ್ಲದು. ಅದಕ್ಕೆ ಹೊರಗಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಮನೆಯಲ್ಲಿ ಅದರ ತಂಟೆಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ. ನಾನು ಬಳಸಿದ್ದು ಎಣ್ಣೆ ಬೆರೆತ, ಬಟ್ಟೆಯಲ್ಲಿ ಒರೆಸುವ ಬಗೆ. ಎಂಟು ತೆಳು ಪದರ ಹಚ್ಚಿದೆ. ವರ್ಷದ ನಂತರವೂ ಬಕಲ್ ಗೀರು ಹುಡುಕಿ ನೋಡಬೇಕು, ಅಷ್ಟು ಗಟ್ಟಿ.

ತೊಂದರೆ ಏನೆಂದರೆ ಇದರ ಪದರಗಳು ಒಂದರೊಳಗೊಂದು ಬೆರೆಯುವುದಿಲ್ಲ. ಒಣಗಿದ ಪದರವನ್ನು 320ರಲ್ಲಿ ಸ್ವಲ್ಪ ಒರಟು ಮಾಡಿಕೊಂಡೇ ಮುಂದಿನದನ್ನು ಹಚ್ಚಬೇಕು. ಕೊನೆಗೆ ಹೊಳಪಿಗೆ ಉಜ್ಜುವಾಗ ಬಾಡಿಯಲ್ಲಿ ಕೊಂಬಿನಂತೆ ಚಾಚಿದ ಮೇಲಿನ ಭಾಗದ ಹತ್ತಿರ ಒಂದು ಪದರ ತೂತಾಯಿತು. ಅಲ್ಲಿ ನಕ್ಷೆಯ ಗೆರೆಗಳಂತೆ ಉಂಗುರ ಕಾಣಿಸಿತು. ಎಷ್ಟು ಪಾಲಿಶ್ ಮಾಡಿದರೂ ಹೋಗಲಿಲ್ಲ. ಇಡೀ ಮುಂಭಾಗ ಉಜ್ಜಿ ಮತ್ತೊಂದು ಪದರ ಹಚ್ಚಿದ ಮೇಲೇ ಮಾಯವಾಗಿದ್ದು. ಆದ್ದರಿಂದ ಇದಕ್ಕೆ ಕನ್ನಡಿ ಹೊಳಪು ಬೇಡ, ಮಂದ ಹೊಳಪೇ ಚೆನ್ನ.

ಮರದ ತುಂಡುಗಳ ಮೇಲೆ ಒದ್ದೆ ಲೋಟ ಒಂದು ರಾತ್ರಿ ಇಟ್ಟು ನೋಡಿದೆ. ಬೆಳಿಗ್ಗೆ ಅರಗಿನ ಮೇಲೆ ಬಿಳಿ ಬಳೆ, ಎಣ್ಣೆಯ ಮೇಲೆ ತೆಳುವಾದ ಕಪ್ಪು ಬಳೆ. ಲ್ಯಾಕರ್ ಮೇಲೆ ಸ್ವಲ್ಪ ಮಬ್ಬು, ಮಧ್ಯಾಹ್ನದ ಹೊತ್ತಿಗೆ ಹೋಯಿತು. ಪಾಲಿಯುರೆಥೇನ್‌ಗೆ ಏನೂ ಆಗಿರಲಿಲ್ಲ. ಬೀಗದ ಕೈ ಗೊಂಚಲನ್ನು ಎದೆಯ ಎತ್ತರದಿಂದ ಬೀಳಿಸಿದಾಗ ಎಲ್ಲದಕ್ಕೂ ಕುಳಿ ಬಿತ್ತು. ಲ್ಯಾಕರ್ ಕುಳಿಯನ್ನು ಹನಿ ಹನಿ ಲ್ಯಾಕರ್ ತುಂಬಿ ಗುರುತು ಸಿಗದ ಹಾಗೆ ಮುಚ್ಚಿದೆ. ಪಾಲಿಯುರೆಥೇನ್ ಕುಳಿ ತುಂಬಿದರೂ ಅಂಚಿನ ಗೆರೆ ಈಗಲೂ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಇಡೀ ಗಿಟಾರ್‌ಗೆ ಒಂದೇ ಫಿನಿಶ್ ಅನ್ನುವ ಹಟ ಬಿಟ್ಟಿದ್ದೇನೆ. ಬೆರಳು ಜಾರಬೇಕಾದ ನೆಕ್ ಬೇರೆ, ಕೈ ಊರುವ, ಬಕಲ್ ತಾಗುವ ಬಾಡಿ ಬೇರೆ. ಐದನೆಯ ಗಿಟಾರ್‌ನ ಬಾಡಿಗೆ ಮೇಣ ತೆಗೆದ ಅರಗನ್ನು ಒಂದೇ ಪದರ ಹಚ್ಚಿದೆ. ಮಹಾಗನಿಯ ಎಳೆ ಅದರಿಂದಲೇ ಎದ್ದು ಕಂಡಿತು. ಅದರ ಮೇಲೆ ಪಾಲಿಯುರೆಥೇನ್ ಆರು ಪದರ ಒರೆಸಿ ಮಂದ ಹೊಳಪಿಗೆ ನಿಲ್ಲಿಸಿದೆ. ಕೆಳಗಿನ ಅರಗಿನಲ್ಲಿ ಮೇಣ ಇದ್ದರೆ ಪಾಲಿಯುರೆಥೇನ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಚಕ್ಕೆ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ನೆಕ್‌ಗೆ ಟಂಗ್ ಎಣ್ಣೆ. ಬೆರಳು ಒತ್ತುವ ಪಟ್ಟಿ, ಅಂದರೆ ಫ್ರೆಟ್‌ಬೋರ್ಡ್, ರೋಸ್‌ವುಡ್ ಆದ್ದರಿಂದ ಅದಕ್ಕೆ ಬೇರೇನೂ ಬೇಕಿಲ್ಲ.

ನಿನ್ನೆ ನೆಕ್‌ಗೆ ಮೂರನೇ ಸಲ ಎಣ್ಣೆ ಒರೆಸಿದೆ. ಪೂರ್ತಿ ಗಟ್ಟಿಯಾದ ಮೇಲೆ ತೀರಾ ನುಣುಪಾದ ಉಕ್ಕಿನ ನಾರಿನಲ್ಲಿ ಒಮ್ಮೆ ಉಜ್ಜಬೇಕು. ಆ ಕೆಲಸ ಮುಗಿಯುವ ತನಕ ಪಿಕಪ್‌ಗಳು ಡಬ್ಬಿಯೊಳಗೇ ಇರುತ್ತವೆ. ಅವುಗಳ ಅಯಸ್ಕಾಂತಕ್ಕೆ ಉಕ್ಕಿನ ಪುಡಿ ಒಮ್ಮೆ ಅಂಟಿತೆಂದರೆ ಬಿಡಿಸುವುದು ಬಲು ಕಷ್ಟ.