ನಾಲ್ಕು ವರ್ಷದ ಡಯಾಲಿಸಿಸ್: ಮೊದಲು ತೂಕದ ಮಷೀನ್ ನೋಡಿಕೊಳ್ಳಿ

ಡಯಾಲಿಸಿಸ್ ಅಂದರೇನು, ಕಿಡ್ನಿ ಏನು ಕೆಲಸ ಮಾಡುತ್ತದೆ, ಇದನ್ನೆಲ್ಲ ನಾನು ಬರೆಯುವುದಿಲ್ಲ. ಇದನ್ನು ಓದುವವರ ಮನೆಯಲ್ಲಿ ಡಾಕ್ಟರು ಆಗಲೇ ಅದನ್ನು ಹೇಳಿರುತ್ತಾರೆ. ನಾನು 2021ರ ಅಕ್ಟೋಬರ್‌ನಿಂದ ಮಾಡಿಸಿಕೊಳ್ಳುತ್ತಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ. 600 ಸಲ ದಾಟಿದೆ. ಇಷ್ಟು ದಿನದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟಿದ್ದು ಬಾಗಿಲ ಪಕ್ಕ ನೆಲದ ಮೇಲೆ ಇಟ್ಟಿರುವ ತೂಕದ ಮಷೀನ್. ಅದರ ಬಗ್ಗೆ ಯಾರೂ ಬರೆದಿದ್ದು ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕಿರಾಣಿ ಅಂಗಡಿ. ಅಪ್ಪನ ಕಾಲದಿಂದ ಇದೆ. ಊರು ತುಮಕೂರು ಜಿಲ್ಲೆಯಲ್ಲಿ, ತೆಂಗಿನ ಸೀಮೆ.

ಮೊದಲು ಬಂದಿದ್ದು ಬೇರೆ ಚಿಕಿತ್ಸೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಕಾಯಿಲೆ ಆಂಟಿ ಜಿಬಿಎಂ. ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಒಬ್ಬರಿಗೆ ಬರುವಂಥದ್ದಂತೆ. ರೋಗ ತಡೆಯಬೇಕಾದ ಆಂಟಿಬಾಡಿಗಳು ನಮ್ಮದೇ ಕಿಡ್ನಿ, ಶ್ವಾಸಕೋಶದ ಪದರಕ್ಕೆ ಅಂಟಿಕೊಂಡು ಅದನ್ನು ಹಾಳು ಮಾಡುತ್ತವೆ. ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಕೆಮ್ಮಿದರೆ ರಕ್ತ. ಎಲ್ಲರೂ ಕೊರೋನಾ ಅಂದುಕೊಂಡರು. ಬೆಂಗಳೂರಿಗೆ ಹೋಗುವಷ್ಟರಲ್ಲಿ, ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 9 ಆಗಿತ್ತು.

ಅಲ್ಲಿ 14 ದಿನ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಿದರು. ಕುತ್ತಿಗೆಗೆ ನಳಿಕೆ ಹಾಕಿ ರಕ್ತ ಹೊರಗೆ ತೆಗೆದು, ಅದರ ಹಳದಿ ನೀರನ್ನು, ಅಂದರೆ ಪ್ಲಾಸ್ಮಾವನ್ನು, ಬೇರೆ ಮಾಡಿ ಚೆಲ್ಲಿಬಿಡುತ್ತಾರೆ. ಆ ಆಂಟಿಬಾಡಿ ಇರುವುದು ಆ ಹಳದಿ ನೀರಲ್ಲೇ. ಅದರ ಬದಲು ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಕೊಡುತ್ತಾರೆ. ಪಕ್ಕದಲ್ಲಿ ನೇತುಹಾಕಿದ ಚೀಲ ತುಂಬುವುದನ್ನು ನೋಡುತ್ತಾ ಮಲಗಿರುತ್ತಿದ್ದೆ. ಹೊಸ ಎಳ್ಳೆಣ್ಣೆಯ ಬಣ್ಣ. ನನ್ನ ಶ್ವಾಸಕೋಶದಲ್ಲಿ ರಕ್ತ ಸೋರುತ್ತಿದ್ದುದರಿಂದ ಕೊನೆಯಲ್ಲಿ ಬ್ಲಡ್ ಬ್ಯಾಂಕಿನ ಪ್ಲಾಸ್ಮಾ ಕೊಡುತ್ತಿದ್ದರು. ಆಗ ತುಟಿ ಜುಮ್ ಅನ್ನುವುದು, ಬೆರಳ ತುದಿಗೆ ಇರುವೆ ಹತ್ತಿದ ಹಾಗಾಗುವುದು. ಆ ಪ್ಲಾಸ್ಮಾ ಹೆಪ್ಪುಗಟ್ಟದ ಹಾಗೆ ಸೇರಿಸಿದ ಸಿಟ್ರೇಟ್ ನಮ್ಮ ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಅದಕ್ಕೆ ಹೀಗೆ. ಸಹಿಸಿಕೊಂಡು ಸುಮ್ನೆ ಮಲಗಬೇಡಿ, ತಕ್ಷಣ ಹೇಳಿ. ಕ್ಯಾಲ್ಸಿಯಂ ಕೊಟ್ಟರೆ ಹತ್ತು ನಿಮಿಷದಲ್ಲಿ ಹೋಗುತ್ತದೆ.

ಆಲ್ಬುಮಿನ್ ಬಾಟಲಿಗೆ ಸಾವಿರಗಟ್ಟಲೆ ದುಡ್ಡು. ದಿನಕ್ಕೆ ಎಷ್ಟೋ ಬಾಟಲಿ. ಭಾವಮೈದುನ ಮೆಡಿಕಲ್ ಸ್ಟೋರಿಗೂ ವಾರ್ಡಿಗೂ ಓಡಾಡಿದ. ಹೆಂಡತಿಯ ಬಳೆ ಗಿರವಿಗೆ ಹೋಯಿತು. ಶ್ವಾಸಕೋಶ ಉಳಿಯಿತು, ಜೀವ ಉಳಿಯಿತು. ಕಿಡ್ನಿ ಉಳಿಯಲಿಲ್ಲ. ಈ ಕಾಯಿಲೆಯಲ್ಲಿ ಡಯಾಲಿಸಿಸ್‌ವರೆಗೆ ಬಂದ ಮೇಲೆ ಚಿಕಿತ್ಸೆ ಶುರುವಾದರೆ ಕಿಡ್ನಿ ವಾಪಸ್ ಬರುವುದು ತುಂಬ ಅಪರೂಪ. ಮೂತ್ರದ ಬಣ್ಣ ಬದಲಾದಾಗ ಹದಿನೈದು ದಿನ ಮೊದಲೇ ಹೋಗಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಆಮೇಲೆ ಊರಿನ ಹತ್ತಿರ ಡಯಾಲಿಸಿಸ್. ಮೊದಲ ಆರು ತಿಂಗಳು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಮಾಡಿಸಿದೆ. ಅಂಗಡಿಯ ಲಾಭವೆಲ್ಲ ಅಲ್ಲಿಗೇ ಹೋಯಿತು. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿದ ಮೇಲೆ ನಮ್ಮ ಕಡೆ ಸರ್ಕಾರಿ ಆಸ್ಪತ್ರೆಯಲ್ಲೇ ಮಷೀನ್ ಬಂದಿವೆ, ಬಿಪಿಎಲ್ ಕಾರ್ಡ್ ಇದ್ದವರಿಗೆ ಉಚಿತ. ಸೀಟು ಸಿಕ್ಕಿದ ದಿನ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಡಾಕ್ಟರು ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆಯ ಡಯಾಲಿಸಿಸ್ ಬಗ್ಗೆಯೂ ಹೇಳಿದ್ದರು. ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಗೆ ದ್ರಾವಣ ತುಂಬಿಸಿ ತೆಗೆಯಬೇಕು, ಕೋಣೆ ಅಷ್ಟು ಚೊಕ್ಕಟವಾಗಿರಬೇಕು. ನಮ್ಮ ಮನೆ ಅಂದರೆ ಅಂಗಡಿಯ ಹಿಂಭಾಗ. ಮೆಣಸಿನಕಾಯಿ ಘಾಟು, ಅಕ್ಕಿ ಮೂಟೆಯ ಧೂಳು. ನಮಗೆ ಆಗುವ ಮಾತಲ್ಲ. ಜಾಗ ಇದ್ದವರು ಖಂಡಿತ ವಿಚಾರಿಸಿ.

ಈಗ ದಿನಚರಿ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎಡಗೈ ಮಣಿಕಟ್ಟಿನ ಮೇಲೆ ಬೆರಳು ಇಡುತ್ತೇನೆ. ಅಲ್ಲಿ ಫಿಸ್ಟುಲಾ ಇದೆ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ ಜಾಗ. ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ ಸಣ್ಣಗೆ ಅದುರುತ್ತಿರಬೇಕು. ಅದುರುತ್ತಿದ್ದರೆ ಆ ದಿನ ಶುರು. ಆ ಕೈಯಲ್ಲಿ ಬಿಪಿ ನೋಡಿಸುವುದಿಲ್ಲ, ಮೂಟೆ ಎತ್ತುವುದಿಲ್ಲ, ಆ ಪಕ್ಕಕ್ಕೆ ಮಲಗುವುದಿಲ್ಲ. ಏಳು ಗಂಟೆ ಬಸ್ಸಿಗೆ ಹೊರಡುವಾಗ ಚೀಲದಲ್ಲಿ ಒಂದು ಹೊದಿಕೆ, ಎರಡು ಇಡ್ಲಿ, ಬೇಯಿಸಿದ ಮೊಟ್ಟೆಯ ಬಿಳಿ. ಕಿಟಕಿ ಪಕ್ಕದ ಮೂರನೇ ಹಾಸಿಗೆ ನನ್ನದು. ಅಲ್ಲಿಂದ ಒಂದು ಹೊಂಗೆ ಮರ ಕಾಣುತ್ತದೆ. ನಾಲ್ಕು ಯುಗಾದಿಗೂ ಅದು ಚಿಗುರಿದ್ದು ನೋಡಿದ್ದೇನೆ.

ಸೂಜಿ ಹಾಕುವ ಟೆಕ್ನಿಷಿಯನ್ ಹುಡುಗಿ ನನ್ನನ್ನು ಅಣ್ಣ ಅನ್ನುತ್ತಾಳೆ. ಎರಡು ದಪ್ಪ ಸೂಜಿ. ಅವಳು ಹಾಕಿದರೆ ಗೊತ್ತಾಗುವುದು ಕಡಿಮೆ. ಹಾಕುವ ಮೊದಲು ತಾನೂ ಫಿಸ್ಟುಲಾ ಮೇಲೆ ಕಿವಿ ಇಟ್ಟು ಕೇಳುತ್ತಾಳೆ, ಹೋದ ಸಲ ಎಲ್ಲಿ ಚುಚ್ಚಿದ್ದೆ ಅಂತ ನೋಡಿ ಜಾಗ ಬದಲಿಸುತ್ತಾಳೆ.

ಕಷ್ಟ ಇರುವುದು ಬಾಯಾರಿಕೆಯಲ್ಲಿ. ಮೂತ್ರ ಹೆಚ್ಚುಕಡಿಮೆ ನಿಂತಿದೆ. ಹಾಗಾಗಿ ಕುಡಿದದ್ದೆಲ್ಲ ಮೈಯಲ್ಲೇ. ನನಗೆ ದಿನಕ್ಕೆ 700 ಎಂಎಲ್. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲಾ ಅದರಲ್ಲೇ. ಬೆಳಿಗ್ಗೆ ಒಂದು ಬಾಟಲಿಗೆ ಅಳೆದು ತುಂಬಿಸಿ ಗಲ್ಲಾ ಪಕ್ಕ ಇಟ್ಟುಕೊಳ್ಳುತ್ತೇನೆ. ಒಂದು ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಒಂದು ಲೋಟ ನೀರು ಚೆಲ್ಲುತ್ತೇನೆ. ಬಾಯಿ ಒಣಗಿದರೆ ಒಂದು ಲವಂಗ. ಬೇಸಿಗೆಯಲ್ಲಿ ಐಸ್ ಚೂರು. ನಾಲ್ಕು ಗಂಟೆಯಲ್ಲಿ ನನ್ನ ಒಬ್ಬನ ರಕ್ತ ತೊಳೆಯುವುದಕ್ಕೆ ಮಷೀನ್ ನಿಮಿಷಕ್ಕೆ ಅರ್ಧ ಲೀಟರಿನಂತೆ 120 ಲೀಟರ್ ದ್ರಾವಣ ಹರಿಸುತ್ತದೆ. ಅದರ ಸದ್ದು ಕೇಳುತ್ತಾ ಮಲಗಿದಾಗ ಬಾಯಾರಿಕೆ ಇನ್ನೂ ಜಾಸ್ತಿ ಆಗುತ್ತದೆ.

ತೆಂಗಿನ ಸೀಮೆಯಲ್ಲಿ ಹುಟ್ಟಿ ಎಳನೀರು ಬಿಟ್ಟಿದ್ದು ಇನ್ನೊಂದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ನಮ್ಮಂಥವರಿಗೆ ಹೃದಯವೇ ನಿಲ್ಲಬಹುದು. ತರಕಾರಿ, ಸೊಪ್ಪು ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಬಸಿದು ತಿನ್ನಬೇಕು. ನಮ್ಮ ಮನೆಯಲ್ಲಿ ಬಸಿದ ನೀರಿಂದ ಮಕ್ಕಳಿಗೆ ಬಸ್ಸಾರು, ಉಳಿದ ಸೊಪ್ಪಿನ ಪಲ್ಯ ನನಗೆ. ನನ್ನ ಹೆಂಡತಿ ಇದನ್ನು ಬೇರೆ ಅಡುಗೆ ಅನ್ನಿಸದ ಹಾಗೆ ಮಾಡಿದ್ದಾಳೆ. ಅಂಗಡಿಯವನಾಗಿ ಇನ್ನೊಂದು ಮಾತು: ಬಿಪಿ ಇರುವವರಿಗೆ ಅಂತ ಮಾರುವ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ರೋಗಿಗೆ ಅದು ಬೇಡವೇ ಬೇಡ. ಯಾರಾದರೂ ಕೇಳಿದರೆ ಮನೆಯಲ್ಲಿ ಯಾರಿಗೆ ಅಂತ ವಿಚಾರಿಸಿಯೇ ಕೊಡುತ್ತೇನೆ.

ಈಗ ತೂಕಕ್ಕೆ ಬರುತ್ತೇನೆ.

ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕಕ್ಕೆ ಡ್ರೈ ವೇಟ್ ಅನ್ನುತ್ತಾರೆ. ನನ್ನದು 56 ಕೆಜಿ. 58 ಇದ್ದರೆ ಮಷೀನಿನಲ್ಲಿ ಎರಡು ಲೀಟರ್ ನೀರು ಎಳೆಯುತ್ತಾರೆ. ಎಷ್ಟು ಎಳೆಯಬೇಕು ಅಂತ ಹೇಳುವುದು ಬಾಗಿಲ ಪಕ್ಕದ ತೂಕದ ಮಷೀನ್. 2023ರ ಏಪ್ರಿಲ್‌ನಲ್ಲಿ ಹಳೆಯದು ಕೆಟ್ಟು ಹೊಸದು ಬಂತು. ಅವತ್ತಿಂದ ಮೂರನೇ ಗಂಟೆ ಬಂದರೆ ನನಗೆ ಭಯ. ಮೀನಖಂಡ ಕಲ್ಲಾಗುವುದು. ಬಿಪಿ 80ಕ್ಕೆ ಇಳಿಯುವುದು. ಕಣ್ಣು ಕತ್ತಲೆ. ಕಾಲು ಮೇಲೆತ್ತಿ ಸಲೈನ್ ಬಿಡುವರು. ಮನೆಗೆ ಬಂದರೆ ಅಂಗಡಿ ಬಾಗಿಲು ತೆಗೆಯುವ ಶಕ್ತಿ ಇಲ್ಲ.

ಅದಕ್ಕಿಂತ ನೋವು ಕೊಟ್ಟಿದ್ದು ಮಾತು. ಬಂದಾಗ ತೂಕ 58.9 ತೋರಿಸುವುದು. ಉಸ್ತುವಾರಿಯವರು ಎಲ್ಲರ ಮುಂದೆ, "ಏನ್ರೀ, ಮನೇಲಿ ಎಷ್ಟು ನೀರು ಕುಡೀತೀರಾ? ನಿಜ ಹೇಳಿ," ಅಂದರು. ಅಳೆದು ಕುಡಿಯುವವನು ನಾನು. ನನ್ನ ಅಪ್ಪ ಒಂದು ಬೆಲ್ಲದ ಚೂರನ್ನೂ ತೂಕದಲ್ಲಿ ಕಡಿಮೆ ಕೊಟ್ಟವರಲ್ಲ. ಆ ಮಾತು ಕೇಳಿ ಮನೆಗೆ ಬಂದು 700 ಅನ್ನು 500ಕ್ಕೆ ಇಳಿಸಿದೆ. ಆದರೂ ಸುಸ್ತು ಕಮ್ಮಿ ಆಗಲಿಲ್ಲ.

ಒಂದು ಸೋಮವಾರ ಹೊರಡುವ ಮುಂಚೆ ಅಂಗಡಿಯ ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ ನಿಂತೆ. ಮೂಟೆ ತೂಗುವುದು ಅದು. ವರ್ಷಕ್ಕೊಮ್ಮೆ ತೂಕ ಅಳತೆ ಇಲಾಖೆಯವರಿಂದ ತೂಕ ಸರಿ ಇದೆ ಅಂತ ಮುದ್ರೆ ಹಾಕಿಸಲೇಬೇಕು, ಇಲ್ಲದಿದ್ದರೆ ದಂಡ. ಅದರಲ್ಲಿ 58. ಒಂದು ಗಂಟೆಯಲ್ಲಿ ಆಸ್ಪತ್ರೆಯಲ್ಲಿ 58.9. ಅದೇ ಬಟ್ಟೆ, ನಡುವೆ ಒಂದು ಗುಟುಕು ನೀರೂ ಇಲ್ಲ. ಆಗ ಅರ್ಥವಾಯಿತು. ಎರಡು ಲೀಟರ್ ಎಳೆಯಬೇಕಾದ ಕಡೆ 2.9 ಎಳೆಯುತ್ತಿದ್ದಾರೆ. ಹೊರಡುವಾಗ ನಾನು ನಿಜವಾಗಿ 55 ಚಿಲ್ಲರೆ, ಅದೇ ಮಷೀನ್ ತೋರಿಸುವುದು 56. ಕಾಗದದ ಮೇಲೆ ಎಲ್ಲವೂ ಸರಿ. ಯಾರಿಗೂ ಅನುಮಾನ ಬರುವುದಿಲ್ಲ.

ಬುಧವಾರ ಮುದ್ರೆ ಇರುವ 20 ಕೆಜಿ ಕಬ್ಬಿಣದ ಕಲ್ಲನ್ನು ಮಗನ ಕೈಲಿ ಮೊಪೆಡ್ ಮೇಲೆ ತರಿಸಿ ಆ ಮಷೀನ್ ಮೇಲೆ ಇಟ್ಟೆ. 20.3 ತೋರಿಸಿತು. ಉಸ್ತುವಾರಿಯವರು "ಇದು ಅಂಗಡಿ ಅಲ್ಲ, ತೆಗೀರಿ" ಅಂದರು. ನನಗೆ ಕೈ ನಡುಗಿತು. ನಾನು ಒಬ್ಬನೇ ಅಲ್ಲವಲ್ಲ. ಪಕ್ಕದ ಹಾಸಿಗೆಯ ಅಜ್ಜ ಹಿಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದಿದ್ದರು. ಅವರಿಗೂ ಉಪ್ಪಿನಕಾಯಿ ತಿಂದಿರಿ, ನೀರು ಕುಡಿದಿರಿ ಅಂತ ಬೈದಿದ್ದರು.

ಅರ್ಜಿ ಕೊಟ್ಟೆ. ಒಂದು ತಿಂಗಳು ಏನೂ ಆಗಲಿಲ್ಲ. ಎರಡನೇ ಅರ್ಜಿ ಕೊಟ್ಟೆ.

ಮೊದಲು ನಂಬಿದ್ದು ಆ ಟೆಕ್ನಿಷಿಯನ್ ಹುಡುಗಿ. ಡ್ಯೂಟಿ ಮುಗಿದ ಮೇಲೆ ನಿಂತು ಇನ್ನೊಂದು ಸಲ ಕಲ್ಲು ಇಡಿಸಿದಳು, ಮೂರು ಸಲ ಬರೆದುಕೊಂಡಳು. ಮಷೀನಿನ ನಾಲ್ಕು ಕಾಲಿನಲ್ಲಿ ಒಂದು ಒಡೆದ ಟೈಲ್ಸ್ ಮೇಲೆ ಇತ್ತು. ಜಾಗ ಬದಲಿಸಿದಳು, ವ್ಯತ್ಯಾಸ ಹೋಗಲಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ಎಡಗಡೆ ಮಷೀನ್ ತೋರಿಸುವ ತೂಕ, ಬಲಗಡೆ ನಿಜವಾದ ತೂಕ, 40 ಕೆಜಿಯಿಂದ 90ರವರೆಗೆ ಕೈಯಲ್ಲೇ ಬರೆದು, ತಿಂಗಳಿಗೆ ಎರಡು ಸಲ ಬರುವ ಕಿಡ್ನಿ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿ ಗೋಡೆಗೆ ಅಂಟಿಸಿದಳು. ಆ ಶುಕ್ರವಾರ ಮೂರನೇ ಗಂಟೆ ಬಂತು, ಹೋಯಿತು. ಕಾಲು ಹಿಡಿಯಲಿಲ್ಲ. ನಾನು ನಿದ್ದೆ ಮಾಡಿಬಿಟ್ಟಿದ್ದೆ. ಎದ್ದಾಗ ಅವಳು, "ಅಣ್ಣ, ಬಿಪಿ 130," ಅಂದಳು. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು.

ಜುಲೈನಲ್ಲಿ ಮುದ್ರೆ ಇರುವ ಬೇರೆ ಮಷೀನ್ ಬಂತು. ಉಸ್ತುವಾರಿಯವರು ಆಮೇಲೆ ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು. ಇಪ್ಪತ್ತು ಜನ ರೋಗಿಗಳು, ಆಗಾಗ ಕೈಕೊಡುವ ಆರ್‌ಒ ನೀರು, ಸಮಯಕ್ಕೆ ಬಾರದ ಇಂಜೆಕ್ಷನ್, ಅವರ ತಲೆಯಲ್ಲೂ ಭಾರ ಇತ್ತು ಅಂತ ಈಗ ಗೊತ್ತು. ಆದರೆ ಎಲ್ಲರ ಮುಂದೆ ಆಡಿದ ಆ ಮಾತು ಇನ್ನೂ ಮರೆತಿಲ್ಲ.

ಹೊಸದಾಗಿ ಶುರು ಮಾಡುವವರು ವಾರಕ್ಕೊಮ್ಮೆ ಬೇರೆ ಕಡೆ ತೂಕ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿಡಿ. ಒಂದೇ ಥರ ಬಟ್ಟೆ ಹಾಕಿ, ಚಪ್ಪಲಿ ಬಿಟ್ಟು, ಮೊಬೈಲ್ ತೆಗೆದಿಟ್ಟು ತೂಗಿ. ಸುಸ್ತು, ಕಾಲು ಹಿಡಿಯುವುದು ಇದ್ದಕ್ಕಿದ್ದಂತೆ ಶುರುವಾದರೆ ತೂಕದ ಮಷೀನ್ ಯಾವಾಗ ಬದಲಾಯಿತು ಅಂತ ಕೇಳಿ. ಊಟ ಚೆನ್ನಾಗಿ ಸೇರಿ ಮೈ ಬೆಳೆದರೆ ಡ್ರೈ ವೇಟ್ ಕೂಡ ಬದಲಾಗುತ್ತದೆ, ಡಾಕ್ಟರಿಗೆ ನೆನಪಿಸಿ.

ಕಿಡ್ನಿ ಕಸಿಗೆ, ಅಂಗಾಂಗ ದಾನ ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ಬರೆಸಿದ್ದೇನೆ. ನನ್ನ ಕಾಯಿಲೆಯಲ್ಲಿ ಆಂಟಿಬಾಡಿ ಕಾಣಿಸದೆ ಆರು ತಿಂಗಳಾದರೂ ಕಳೆಯಬೇಕು, ಅದು ಕಳೆದು ಬಹಳ ದಿನವಾಯಿತು. ಕರೆ ಬರುವವರೆಗೆ ಮೂರನೇ ಹಾಸಿಗೆ, ಹೊಂಗೆ ಮರ.

ಈ ಶುಕ್ರವಾರ ಹೋದಾಗ 57.8, ಬರುವಾಗ 56. ಅಂಗಡಿಯಲ್ಲೂ ನಿಂತು ನೋಡಿದೆ, ಎರಡೂ ಒಂದೇ. ಆಸ್ಪತ್ರೆಯ ಮಷೀನಿನ ಮುದ್ರೆ ಬರುವ ಮಾರ್ಚ್‌ಗೆ ಮುಗಿಯುತ್ತದೆ. ನನ್ನ ತಕ್ಕಡಿಯ ತಾರೀಕಿನ ಪಕ್ಕದಲ್ಲೇ ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.